ನಿರಂಜನರ ಕಯ್ಯೂರು, ನಮ್ಮ ನವಲಗುಂದ

ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಶಾಲೆಯ ಗ್ರಂಥಾಲಯದಲ್ಲಿ ನನಗೆ ಸಿಕ್ಕ ಕಾದಂಬರಿ ನಿರಂಜನರ ‘ಚಿರಸ್ಮರಣೆ’. ಇಂದು ಬಿ.ಇ. ಮುಗಿಸಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದರೂ ಅದನ್ನು ಮರೆತಿಲ್ಲ.

1924ರಲ್ಲಿ ದಕ್ಷಿಣ ಕನ್ನಡದ ಕುಳಕುಂದದಲ್ಲಿ ಹುಟ್ಟಿದ ಶಿವರಾಯರೇ ಮುಂದೆ ನಿರಂಜನರಾದರು. ಅವರು ನೀಲೇಶ್ವರದಲ್ಲಿ ಹೈಸ್ಕೂಲು ಓದಿದವರು. ಅದಕ್ಕೆ ಸಮೀಪದ ಕಯ್ಯೂರಿನಲ್ಲಿ ಜಮೀನ್ದಾರಿಕೆಯ ವಿರುದ್ಧ ರೈತರು ಸಂಘಟಿತರಾಗಿದ್ದರು. 1941ರ ಮಾರ್ಚ್‌ನಲ್ಲಿ ಅಲ್ಲಿ ಪೊಲೀಸನೊಬ್ಬ ಸತ್ತ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು. ಐದನೆಯವನು ವಯಸ್ಸು ಸಾಲದೆಂದು ಉಳಿದ. ಈ ಘಟನೆಯೇ 1955ರಲ್ಲಿ ‘ಚಿರಸ್ಮರಣೆ’ಯಾಯಿತು. ಮುಂದೆ ‘ಮೃತ್ಯುಂಜಯ’ದಲ್ಲಿ ಅವರು ಪ್ರಾಚೀನ ಈಜಿಪ್ಟಿನ ಜನರ ಬಂಡಾಯವನ್ನು ಬರೆದರು. 25 ಸಂಪುಟಗಳ ‘ವಿಶ್ವಕಥಾಕೋಶ’ಕ್ಕೂ ಅವರೇ ಸಂಪಾದಕರು.

ಈ ಕಥೆಯನ್ನು ಮನೆಯಲ್ಲಿ ಹೇಳಿದಾಗ ಅಪ್ಪ, “ನಮ್ಮಲ್ಲೂ ಹಂಗ ಆಗೇತಿ, ತಮ್ಮಾ” ಅಂದರು. ಮಲಪ್ರಭಾ ನೀರಾವರಿಯ ಕರದ ವಿರುದ್ಧ 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಎದ್ದ ರೈತರ ಮೇಲೆ ಗೋಲಿಬಾರ್ ಆದ ದಿನವನ್ನು ರಾತ್ರಿಯಿಡೀ ಹೇಳಿದರು. ನಾನು ಒಂದು ಸಾಲೂ ಬರೆದಿಡಲಿಲ್ಲ. ಅಪ್ಪ ಈಗಿಲ್ಲ.

ಆ ದಿನವನ್ನು ಕಂಡ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಸುವರ್ಣ ಮಹೋತ್ಸವದ ಈ ವರ್ಷ ನಮ್ಮ ಮಕ್ಕಳು ಅವರ ಮಾತುಗಳನ್ನು ಬರೆದು ಗ್ರಂಥಾಲಯದಲ್ಲಿಡಲಿ. ಗುರುಗಳು ದಾರಿ ತೋರಿದರೆ ಟೈಪಿಂಗ್ ಮತ್ತು ಮುದ್ರಣದ ಕೆಲಸ ನನ್ನದು.