ಸೊನ್ನೆ ಬಂದಾಗ ಮಾತ್ರ ಕಾಣುವ ತಪ್ಪು



ನಾರಾಯಣಪೇಟೆಯಿಂದ ಗುರುಮಠಕಲ್, ಸೇಡಂ ದಾಟಿ ಹೋದರೆ ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡ ಸಿಗುತ್ತದೆ. ಅದೇ ಹಳೆಯ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಎಂಬ ಸಂಸ್ಕೃತ ಗ್ರಂಥ ಬರೆದರು. ಗ್ರಂಥದ ಆರಂಭದಲ್ಲೇ ನೃಪತುಂಗನ ಸ್ತುತಿ ಇದೆ. ಮುಂದೆ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದರು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು ಆಡುವ ನಾರಾಯಣಪೇಟೆ, ಮಖ್ತಲ್, ಗದ್ವಾಲ ಸೀಮೆಯ ನಮಗೆ ಈ ಪುಸ್ತಕ ಎರಡೂ ಕಡೆಯಿಂದ ನಂಟು.

ನಾವು ಇಲ್ಲಿ ಹೇಳಹೊರಟಿರುವುದು ಆ ದೊಡ್ಡ ಪುಸ್ತಕದ ಒಂದು ಸಣ್ಣ ತಪ್ಪಿನ ಕಥೆ. ಸಮೀಕರಣ ಬಿಡಿಸುವ ಕಂಪ್ಯೂಟರ್ ಪ್ರೋಗ್ರಾಮುಗಳಲ್ಲಿ ಅದೇ ತಪ್ಪು ಇವತ್ತಿಗೂ ಆಗಾಗ ತಲೆ ಎತ್ತುತ್ತದೆ.

ಮಹಾವೀರರು ಸೊನ್ನೆಗೆ ನಿಯಮಗಳನ್ನು ಕೊಟ್ಟರು. ಸೊನ್ನೆಯಿಂದ ಗುಣಿಸಿದರೆ ಸೊನ್ನೆ. ಸೊನ್ನೆ ಕೂಡಿಸಿದರೂ ಕಳೆದರೂ ಸಂಖ್ಯೆ ಹಾಗೇ ಇರುತ್ತದೆ. ಇಷ್ಟೂ ಸರಿ. ಆದರೆ ಸೊನ್ನೆಯಿಂದ ಭಾಗಿಸಿದರೂ ಸಂಖ್ಯೆ ಹಾಗೇ ಉಳಿಯುತ್ತದೆ ಎಂದರು. ಹಂಚಿಕೊಳ್ಳಲು ಯಾರೂ ಇಲ್ಲದಿದ್ದರೆ ಬುಟ್ಟಿಯಲ್ಲಿರುವುದು ಬುಟ್ಟಿಯಲ್ಲೇ ಉಳಿಯುತ್ತದಲ್ಲವೇ? ಕೇಳಲು ಚೆನ್ನಾಗಿದೆ, ಲೆಕ್ಕಕ್ಕೆ ಮಾತ್ರ ಕೂಡುವುದಿಲ್ಲ. 12ನ್ನು ಸೊನ್ನೆಯಿಂದ ಭಾಗಿಸಿದರೆ 12 ಎನ್ನುವುದಾದರೆ, 12ನ್ನು ಸೊನ್ನೆಯಿಂದ ಗುಣಿಸಿದಾಗ 12 ಬರಬೇಕು. ಅವರದೇ ಇನ್ನೊಂದು ನಿಯಮದ ಪ್ರಕಾರ ಅದು ಸೊನ್ನೆ.

ಮಹಾವೀರರು ಸಾಮಾನ್ಯರಲ್ಲ. ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಅಷ್ಟು ಹಿಂದೆಯೇ ಸ್ಪಷ್ಟವಾಗಿ ಬರೆದವರು. ಅವರಿಗಿಂತ ಮೊದಲು, 628ರಲ್ಲಿ, ಬ್ರಹ್ಮಗುಪ್ತರೂ ಇಲ್ಲೇ ಎಡವಿದ್ದರು. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದಿದ್ದರು. ಮಹಾವೀರರಾಗಿ 300 ವರ್ಷಗಳ ಮೇಲೆ, 1150ರಲ್ಲಿ, ಎರಡನೆಯ ಭಾಸ್ಕರಾಚಾರ್ಯರು ಸೊನ್ನೆಯಿಂದ ಭಾಗಿಸಿದ ಸಂಖ್ಯೆಗೆ 'ಖಹರ' ಎಂಬ ಬೇರೆ ಹೆಸರಿಟ್ಟು, ಅದು ಅನಂತ ಎಂದರು. ಆದರೂ ಅವರ 'ಲೀಲಾವತಿ'ಯಲ್ಲಿ, ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿ ಮತ್ತೆ ಸೊನ್ನೆಯಿಂದ ಭಾಗಿಸಿದರೆ ಮೊದಲಿನ ಸಂಖ್ಯೆಯೇ ಸಿಗುತ್ತದೆ ಎಂಬ ನಿಯಮ ಉಳಿದುಕೊಂಡಿತು. ತಪ್ಪು ಅರ್ಧ ಸಿಕ್ಕಿತು, ಅರ್ಧ ತಪ್ಪಿಸಿಕೊಂಡಿತು.

ಇಷ್ಟು ಜಾಣರ ಕೈಗೂ ಅದು ಸಿಗದಿರಲು ಕಾರಣವಿದೆ. ಸೊನ್ನೆಯಿಂದ ಭಾಗಿಸುವ ಸಂದರ್ಭ ದಿನದ ಲೆಕ್ಕದಲ್ಲಿ ಬರುವುದೇ ಅಪರೂಪ. ನೂರು ಸಲ ಸರಿ ಬಂದ ನಿಯಮವನ್ನು ಯಾರು ಅನುಮಾನಿಸುತ್ತಾರೆ?

ಈಗ ನಮ್ಮೂರ ಸೀರೆ ಅಂಗಡಿಯ ಲೆಕ್ಕ ನೋಡೋಣ. ಬೆಲೆಗಳು ಉದಾಹರಣೆಗೆ ಮಾತ್ರ. ಮೊದಲ ಬಿಲ್ಲಿನಲ್ಲಿ ನಾರಾಯಣಪೇಟೆ ಸೀರೆ 0, ಗದ್ವಾಲ ಸೀರೆ 2, ಒಟ್ಟು 12,000 ರೂಪಾಯಿ. ಎರಡನೆಯದರಲ್ಲಿ ನಾರಾಯಣಪೇಟೆ ಸೀರೆ 3, ಗದ್ವಾಲ ಸೀರೆ 1, ಒಟ್ಟು 12,000. ಒಂದೊಂದರ ಬೆಲೆ ಎಷ್ಟು? ಬಾಯಿಲೆಕ್ಕದಲ್ಲೇ ಹೇಳಬಹುದು: ಗದ್ವಾಲ 6,000, ನಾರಾಯಣಪೇಟೆ 2,000.

ಪ್ರೋಗ್ರಾಮ್ ಮಾಡುವುದು ಹೀಗೆ: ಮೊದಲ ಬಿಲ್ಲನ್ನು ಅದರಲ್ಲಿರುವ ನಾರಾಯಣಪೇಟೆ ಸೀರೆಗಳ ಸಂಖ್ಯೆಯಿಂದ ಭಾಗಿಸಿ ಒಂದು ಸೀರೆಯ ಲೆಕ್ಕಕ್ಕೆ ತರುತ್ತದೆ, ಆಮೇಲೆ ಅದರ ಮೂರು ಪಟ್ಟನ್ನು ಎರಡನೆಯ ಬಿಲ್ಲಿನಿಂದ ಕಳೆಯುತ್ತದೆ. ಇಲ್ಲಿ ಆ ಸಂಖ್ಯೆ ಸೊನ್ನೆ. ಪ್ರೋಗ್ರಾಮ್ ನಿಂತುಹೋಗಬಾರದೆಂದು ಯಾರೋ ಒಂದು ಸಾಲು ಸೇರಿಸುತ್ತಾರೆ: ಭಾಜಕ ಸೊನ್ನೆಯಾದರೆ ಭಾಗಿಸಬೇಡ, ಹಾಗೇ ಮುಂದೆ ಹೋಗು. ಇದು 850ರ ನಿಯಮವೇ! ಆಗ ಮೊದಲ ಬಿಲ್ಲಿನಲ್ಲಿ ಒಂದು ನಾರಾಯಣಪೇಟೆ ಸೀರೆ ಇದೆ ಎಂದೇ ನಂಬಿಕೊಂಡು ಪ್ರೋಗ್ರಾಮ್ ಮುಂದೆ ನಡೆಯುತ್ತದೆ. ಬರುವ ಉತ್ತರ: ಗದ್ವಾಲ 4,800, ನಾರಾಯಣಪೇಟೆ 2,400.

ಎಷ್ಟು ನಂಬುವಂತಿದೆ ನೋಡಿ. ಎರಡನೆಯ ಬಿಲ್ಲಿಗೆ ಹಾಕಿ ನೋಡಿದರೆ 7,200 ಮತ್ತು 4,800 ಸೇರಿ ಸರಿಯಾಗಿ 12,000. ಮೊದಲ ಬಿಲ್ಲಿಗೆ ಹಾಕಿದಾಗಲೇ ಗುಟ್ಟು ಹೊರಬೀಳುತ್ತದೆ: 9,600. ಬಿಲ್ಲುಗಳನ್ನು ಹಿಂದೆಮುಂದೆ ಮಾಡಿ ಕೊಟ್ಟರೆ ಅದೇ ಪ್ರೋಗ್ರಾಮ್ ಸರಿ ಉತ್ತರ ಕೊಡುತ್ತದೆ. ಅದಕ್ಕೇ ಇಂಥ ದೋಷ ಒಮ್ಮೆ ಕಾಣಿಸಿ ಒಮ್ಮೆ ಮಾಯವಾಗುತ್ತದೆ. ತೋರಿಸಲು ಹೋದಾಗ ಕಾಣುವುದಿಲ್ಲ, ಬಿಟ್ಟ ಮೇಲೆ ಮತ್ತೆ ಬರುತ್ತದೆ.

ಹಿಡಿಯುವ ದಾರಿ ಮೂರು. ತಪ್ಪಾದ ದಿನದ ಅಂಕಿಗಳನ್ನು, ಅವು ಬಂದ ಕ್ರಮದಲ್ಲೇ ಎತ್ತಿಡುವುದು. ಅದರಲ್ಲಿ ಒಂದೊಂದನ್ನೇ ತೆಗೆಯುತ್ತ, ತಪ್ಪು ಇನ್ನೂ ಉಳಿದಿರುವ ಅತಿ ಚಿಕ್ಕ ಲೆಕ್ಕಕ್ಕೆ ಇಳಿಸುವುದು. ಬಂದ ಉತ್ತರವನ್ನು ಎಲ್ಲ ಸಮೀಕರಣಗಳಿಗೂ, ಒಂದನ್ನೂ ಬಿಡದೆ, ಹಾಕಿ ನೋಡುವುದು. ಸರಿಪಡಿಸಲು ಸಾಲುಗಳನ್ನು ಅದಲುಬದಲು ಮಾಡಿ, ದೊಡ್ಡ ಅಂಕಿ ಇರುವ ಸಾಲನ್ನು ಮುಂದೆ ತರುತ್ತಾರೆ. ಸೊನ್ನೆಯೇ ಎಂದು ಪರೀಕ್ಷಿಸಿದರೆ ಸಾಲದು, ಕಂಪ್ಯೂಟರಿನಲ್ಲಿ 0.1ಕ್ಕೆ 0.2 ಕೂಡಿಸಿ 0.3 ಕಳೆದರೆ ಸಾಮಾನ್ಯವಾಗಿ ಪೂರ್ತಿ ಸೊನ್ನೆ ಬರುವುದಿಲ್ಲ, ಕೂದಲೆಳೆಯಷ್ಟು ಏನೋ ಉಳಿಯುತ್ತದೆ.

1985ರಲ್ಲಿ ಐಇಇಇ ಸಂಸ್ಥೆ ಕಂಪ್ಯೂಟರ್ ಅಂಕಗಣಿತಕ್ಕೆ 754 ಎಂಬ ಮಾನದಂಡ ತಂದಿತು. ಅದರಂತೆ ಬೇರೆ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅನಂತ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ 'ಇದು ಸಂಖ್ಯೆಯೇ ಅಲ್ಲ' ಎಂಬ ಗುರುತು. ಭಾಸ್ಕರರ ಖಹರ ಹೊಸ ರೂಪದಲ್ಲಿ ಬಂದಂತಾಯಿತು, ಅವರು ಬಿಟ್ಟ ಅರ್ಧಕ್ಕೂ ಬೇಲಿ ಬಿತ್ತು. ಹಾಗೆಂದು ಎಲ್ಲವೂ ಮುಗಿಯಲಿಲ್ಲ. 1997ರ ಸೆಪ್ಟೆಂಬರಿನಲ್ಲಿ ಅಮೆರಿಕದ ಯಾರ್ಕ್‌ಟೌನ್ ಯುದ್ಧನೌಕೆಯ ಕಂಪ್ಯೂಟರಿಗೆ ಒಂದು ಕಡೆ ಸೊನ್ನೆ ತುಂಬಿದ್ದರಿಂದ ನೌಕೆಯ ಚಾಲನೆಯೇ ನಿಂತಿತು.

ನೌಕೆ ನಿಂತದ್ದು ಎಲ್ಲರ ಕಣ್ಣಿಗೂ ಬಿತ್ತು. ಸೀರೆ ಲೆಕ್ಕದ 4,800 ಯಾರ ಕಣ್ಣಿಗೂ ಬೀಳದು; ಅದು ಯಾರದೋ ಕೂಲಿಯಲ್ಲಿ, ಯಾರದೋ ಸಾಲದ ಪುಸ್ತಕದಲ್ಲಿ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. 'ನನಗೆ ಗೊತ್ತಾಗುತ್ತಿಲ್ಲ' ಎಂದು ನಿಲ್ಲುವ ಯಂತ್ರಕ್ಕಿಂತ, ಗೊತ್ತಿದ್ದಂತೆ ಉತ್ತರ ಕೊಡುವ ಯಂತ್ರಕ್ಕೇ ನಾವು ಹೆಚ್ಚು ಹೆದರಬೇಕು. ಕಂಪ್ಯೂಟರ್ ಕಲಿಯುತ್ತಿರುವ ತಮ್ಮ ತಂಗಿಯರೇ, ಮಳಖೇಡದ ಕಾಲದ ಆಚಾರ್ಯರನ್ನು ಹೆಮ್ಮೆಯಿಂದ ನೆನೆಯಿರಿ. ಅವರ ನಿಯಮವನ್ನೂ ಉತ್ತರಕ್ಕೆ ಹಾಕಿ ನೋಡಿಯೇ ಒಪ್ಪಿಕೊಳ್ಳಿ.