ನಮ್ಮ ಸೀಮೆಯ ಓಡಾಟ: ಕಾಲುಸಂಕದಿಂದ ಸಹಕಾರ ಬಸ್ಸಿನವರೆಗೆ



ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಶುಭ ಸಂದರ್ಭದಲ್ಲಿ ಸಾಲ, ಠೇವಣಿ, ಗೊಬ್ಬರದ ಲೆಕ್ಕವೆಲ್ಲ ವರದಿಯಲ್ಲಿ ಬಂದೇ ಇದೆ. ಆದ್ದರಿಂದ ನಾವು ಬೇರೆ ಸಂಗತಿ ಬರೆಯುತ್ತಿದ್ದೇವೆ. ನಮ್ಮ ಕೊಪ್ಪ ಸೀಮೆಯ ಜನ ಊರಿಂದೂರಿಗೆ ಹೇಗೆ ಹೋಗಿ ಬರುತ್ತಿದ್ದರು ಎಂಬುದು. ಇದರಲ್ಲೂ ಸಹಕಾರದ ಪಾಲು ದೊಡ್ಡದಿದೆ.

ಹಿರಿಯರ ಕಾಲದಲ್ಲಿ ನಡಿಗೆಯೇ ಗತಿ. ಹಳ್ಳಕ್ಕೆ ಅಡಕೆ ಮರದ ಕಾಲುಸಂಕ, ಹೊಳೆಗೆ ದೋಣಿ. ಮಳೆಗಾಲ ಹಿಡಿದು ಸಂಕ ತೇಲಿಹೋದರೆ ಆಚೆಮನೆಯವರ ಮುಖ ನೋಡಲೂ ಕಾಯಬೇಕಿತ್ತು. ಅಡಕೆ ಎತ್ತಿನ ಗಾಡಿಯಲ್ಲಿ ಪೇಟೆಗೆ ಹೋಗುತ್ತಿತ್ತು, ಬರುವಾಗ ಅದೇ ಗಾಡಿಯಲ್ಲಿ ಉಪ್ಪು, ಬಟ್ಟೆ.

ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲೇ ರೈಲು ಬಂತು. ಮಹಾರಾಜರ ಆಳ್ವಿಕೆಯಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಅಗಲದ ಸಣ್ಣ ಹಳಿಯೂ ಇತ್ತು. ಅದನ್ನು ಕಿತ್ತು ಎಷ್ಟೋ ಕಾಲವಾಯಿತು. ಇವತ್ತಿಗೂ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕಿಗೆ ರೈಲಿಲ್ಲ. 2023ರಲ್ಲಿ ಶಿವಮೊಗ್ಗದಲ್ಲಿ ವಿಮಾನ ನಿಲ್ದಾಣವೇ ಆಯಿತು, ಸಂತೋಷ. ಆದರೆ ಅಲ್ಲಿಗೆ ಹೋಗೋದಕ್ಕೂ ನಮಗೆ ಬಸ್ಸೇ ಬೇಕಲ್ಲ! ಘಟ್ಟ ಇಳಿಯುವುದೆಂದರೆ ಆಗುಂಬೆಯ 14 ತಿರುವು. ಅಲ್ಲಿ ಮಿನಿ ಬಸ್ಸುಗಳದ್ದೇ ಕಾರುಬಾರು.

ಈಗ ಮುಖ್ಯ ವಿಚಾರಕ್ಕೆ ಬರೋಣ. ಕೊಪ್ಪದಲ್ಲಿ ಓಡುತ್ತಿದ್ದ ಖಾಸಗಿ ಬಸ್ ಕಂಪನಿಯೊಂದು ಬಾಗಿಲು ಹಾಕಿದಾಗ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳು ಬೀದಿಗೆ ಬಿದ್ದರು. ಅವರೇ ಸೇರಿ 1991ರಲ್ಲಿ ಸಹಕಾರ ಸಾರಿಗೆ ಕಟ್ಟಿದರು. ಕೆಲವೇ ಬಸ್ಸಿನಿಂದ ಶುರುವಾದದ್ದು ಎಪ್ಪತ್ತರ ಗಡಿ ದಾಟಿತು. ಚಿಕ್ಕಮಗಳೂರು, ಶಿವಮೊಗ್ಗ, ಉಡುಪಿ ಕಡೆಗೆಲ್ಲ ಓಡಿತು. ಬಸ್ಸು ಓಡಿಸುವವನೇ ಮಾಲೀಕ! ಇಂಥದ್ದು ಬೇರೆ ಕಡೆ ಅಪರೂಪವೆಂದರೆ ಅತಿಶಯೋಕ್ತಿಯಲ್ಲ.

ನಮ್ಮ ಪೈಕಿ ಹೈಸ್ಕೂಲಿಗೆ ಹೋದವರು ಬಹುಪಾಲು ಆ ಬಸ್ಸಿನ ರಿಯಾಯಿತಿ ಪಾಸಿನಲ್ಲೇ ಹೋದವರು. ಕೈ ಅಡ್ಡ ಮಾಡಿದಲ್ಲಿ ನಿಲ್ಲಿಸುತ್ತಿದ್ದರು. ಪೇಟೆಯಿಂದ ಅಜ್ಜಿಯ ಮಾತ್ರೆ, ಪಂಪ್‌ಸೆಟ್ಟಿನ ವಾಷರು, ಮದುವೆ ಕಾಗದದ ಕಟ್ಟು ಏನೇ ಇರಲಿ, "ಕಂಡಕ್ಟರಣ್ಣಾ, ಇದೊಂದು ನಮ್ಮ ಗೇಟಿನ ಹತ್ರ ಕೊಟ್ಬಿಡಿ" ಅಂದರೆ ಸಾಕು, ಬಂದು ಮುಟ್ಟುತ್ತಿತ್ತು. ಜನ ಇರಲಿ ಇಲ್ಲದಿರಲಿ, ಕೊನೆಯ ಊರಿನವರೆಗೂ ಬಸ್ಸು ಹೋಗಿಯೇ ತಿರುಗುತ್ತಿತ್ತು.

ಅದೇ ಅದಕ್ಕೆ ಭಾರವೂ ಆಯಿತೆಂದು ನಮ್ಮ ಅಭಿಪ್ರಾಯ. ಡೀಸೆಲ್, ವಿಮೆ, ಬಿಡಿಭಾಗಗಳ ದರ ಏರುತ್ತಲೇ ಹೋಯಿತು. ಇತ್ತ ಮನೆಮನೆಗೂ ಬೈಕು ಬಂದು ಸೀಟು ಖಾಲಿಯಾದವು. ಖಾಲಿ ಸೀಟಿಗೆ ಯಾರೂ ಟಿಕೆಟ್ ಕೊಡುವುದಿಲ್ಲವಷ್ಟೇ. ಸಂಬಳಕ್ಕೂ ಕಷ್ಟವಾಗಿ 2020ರ ಫೆಬ್ರವರಿಯಲ್ಲಿ ಓಡಾಟ ನಿಂತಿತು. ಮರುತಿಂಗಳೇ ಕೊರೋನಾ ಬಂದು ಊರೇ ಸ್ತಬ್ಧವಾದ್ದರಿಂದ, ಏನು ಕಳಕೊಂಡೆವೆಂದು ನಮಗೆ ಗೊತ್ತಾದದ್ದು ಶಾಲೆ ತೆರೆದ ಮೇಲೆಯೇ. ಬೇರೆ ಖಾಸಗಿ ಬಸ್ಸುಗಳು ಮುಖ್ಯರಸ್ತೆ ಹಿಡಿದವು, ಒಳದಾರಿಗೆ ಬರಲಿಲ್ಲ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಉಚಿತ ಪ್ರಯಾಣ ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಕೆಂಪು ಬಸ್ಸೇ ಬಾರದ ಊರಿನ ನಮ್ಮ ಅಕ್ಕತಂಗಿಯರು ಆಟೋಕ್ಕೆ ದುಡ್ಡು ಕೊಟ್ಟೇ ಹೋಗುತ್ತಿದ್ದಾರೆ. ಬೆಳಿಗ್ಗೆ ಒಂದು, ಸಂಜೆ ಒಂದು ಸರ್ಕಾರಿ ಬಸ್ಸು ನಮ್ಮ ಒಳದಾರಿಗೆ ಬಿಡಬೇಕೆಂಬ ಮನವಿ ಸಂಘದ ಆಫೀಸಿನಲ್ಲಿ ತಯಾರಿದೆ. ಸಹಿ ಹಾಕದ ಸದಸ್ಯರು ಗೊಬ್ಬರಕ್ಕೆ ಬಂದಾಗ ಹಾಕಿ ಹೋಗಬೇಕಾಗಿ ವಿನಂತಿ.