ಹಾವೇರಿ ಸೀಮೆಯ ನಾಲ್ಕು ತಾಲೂಕುಗಳಲ್ಲಿ ವಾಣಿಜ್ಯಶಿಕ್ಷಣ ಮತ್ತು ಉದ್ಯಮಶೀಲತೆ: ಒಂದು ಐತಿಹಾಸಿಕ ಸಮೀಕ್ಷೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ನಾಲ್ಕು ತಾಲೂಕುಗಳು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಹೊಸದಾದ ಹಾವೇರಿ ಜಿಲ್ಲೆಗೆ ಸೇರಿದವು. ಇಲ್ಲಿಂದ ಬಿ.ಕಾಂ. ಮತ್ತು ಬಿ.ಬಿ.ಎ. ತರಗತಿಗಳಿಗೆ ಬರುವ ವಿದ್ಯಾರ್ಥಿಗಳಲ್ಲಿ ಅನೇಕರು ಒಕ್ಕಲುತನದ ಮನೆಗಳಿಂದ ಬಂದವರು. ಪದವಿ ಮುಗಿಸಿದ ಮೇಲೆ ಸ್ವಂತ ಉದ್ಯಮವೊಂದನ್ನು ಹೂಡುವ ಶಕ್ತಿ ಇವರಿಗೆ ಎಲ್ಲಿಂದ ಒದಗಬೇಕು? ಪಠ್ಯಕ್ರಮವನ್ನು ಮಾತ್ರ ನೋಡಿ ಈ ಪ್ರಶ್ನೆಗೆ ಉತ್ತರ ಹೇಳಲಾಗದು. ಈ ಸೀಮೆಯಲ್ಲಿ ವ್ಯಾಪಾರವಿದ್ಯೆಯು ಹಿಂದೆ ಯಾರಿಂದ ಯಾರಿಗೆ, ಯಾವ ಬಗೆಯಲ್ಲಿ ಸಾಗಿಬಂದಿತೆಂಬುದನ್ನು ಮೊದಲು ತಿಳಿಯಬೇಕು. ಅದನ್ನು ಸಂಕ್ಷೇಪವಾಗಿ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಉದ್ಯಮಶೀಲತೆ ಎಂಬ ಮಾತನ್ನು ನಾವಿಲ್ಲಿ ಮೂರು ಸಾಮರ್ಥ್ಯಗಳ ಕೂಟವೆಂಬ ಅರ್ಥದಲ್ಲಿ ಬಳಸುತ್ತೇವೆ. ಒಂದು, ಸರಕನ್ನು ಪರೀಕ್ಷಿಸಿ ಅದರ ಬೆಲೆಯನ್ನು ಅರಿಯುವುದು. ಎರಡು, ಪೇಟೆಯಲ್ಲಿ ಪತ್ತು ಗಳಿಸುವುದು ಮತ್ತು ಯಾರಿಗೆ ಎಷ್ಟು ಉದ್ರಿ ಕೊಡಬಹುದೆಂದು ತೂಗಿನೋಡುವುದು. ಮೂರು, ಬರಬಹುದಾದ ನಷ್ಟವನ್ನು ಅಂದಾಜುಮಾಡಿ, ಅದಕ್ಕೆ ಸಿದ್ಧನಾಗಿಯೇ ಹಣ ತೊಡಗಿಸುವುದು.

ಈ ಸೀಮೆಗೆ ವ್ಯಾಪಾರ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಹಾನಗಲ್ಲು ಪಾನುಂಗಲ್ಲು ಐನೂರು ಎಂಬ ನಾಡಿನ ಮುಖ್ಯಸ್ಥಳವಾಗಿತ್ತು. ಕದಂಬರ ಒಂದು ಶಾಖೆಯವರು ಅದನ್ನು ಆಳುತ್ತಿದ್ದರು. ಹಿರೇಕೆರೂರಿನಿಂದ ದಕ್ಷಿಣಕ್ಕೆ, ಇಂದು ಶಿಕಾರಿಪುರ ತಾಲೂಕಿನಲ್ಲಿರುವ ಬಳ್ಳಿಗಾವೆಯು ಆ ಕಾಲದ ದೊಡ್ಡ ವ್ಯಾಪಾರಪಟ್ಟಣ. ಅಯ್ಯಾವೊಳೆಯ ಐನೂರ್ವರೆಂಬ ವಣಿಕಸಂಘದ ಪ್ರಶಸ್ತಿಗಳು ಹನ್ನೊಂದು ಹನ್ನೆರಡನೆಯ ಶತಮಾನಗಳ ಶಾಸನಗಳಲ್ಲಿ ದೊರೆಯುತ್ತವೆ. ದೇಶದೇಶಗಳನ್ನು ಸುತ್ತುವುದು, ಬಗೆಬಗೆಯ ಸರಕುಗಳನ್ನು ಬಲ್ಲವರಾಗಿರುವುದು, ಸಂಘದ ಧರ್ಮವನ್ನು ಕಾಪಾಡುವುದು ಇವೇ ಅಲ್ಲಿ ಕೊಂಡಾಡಲ್ಪಟ್ಟ ಗುಣಗಳು. ಸರಕಿನ ಅರಿವು ಮತ್ತು ಕೊಟ್ಟ ಮಾತಿನ ನಿಯಮ ಎರಡನ್ನೂ ವ್ಯಕ್ತಿಗೆ ಕಲಿಸಿದ್ದು ಸಂಘವೇ ಎಂದು ಇದರಿಂದ ಊಹಿಸಬಹುದು.

ಬ್ರಿಟಿಷರ ಆಳಿಕೆಯಲ್ಲಿ ಇಂದಿನ ಶಿಗ್ಗಾಂವಿ ತಾಲೂಕಿಗೆ ಬಂಕಾಪುರ ತಾಲೂಕೆಂದೂ ಹಿರೇಕೆರೂರು ತಾಲೂಕಿಗೆ ಕೋಡ ತಾಲೂಕೆಂದೂ ಹೆಸರಿದ್ದಿತು. ಸವಣೂರು 1948ರವರೆಗೆ ನವಾಬರ ಸಂಸ್ಥಾನವಾಗಿಯೇ ಉಳಿದಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಜಿಲ್ಲೆಯ ಹತ್ತಿ ದೂರದೇಶದ ಗಿರಣಿಗಳಿಗೆ ಹೋಗತೊಡಗಿತು. ಅಮೇರಿಕೆಯ ಅಂತರ್ಯುದ್ಧದ ವರ್ಷಗಳಲ್ಲಿ, ಎಂದರೆ 1861ರಿಂದ 1865ರವರೆಗೆ, ಬೆಲೆಗಳು ವಿಪರೀತವಾಗಿ ಏರಿದವು. ಬೆಲೆ ಏರಿದಂತೆ ಕಲಬೆರಕೆಯ ಚಿಂತೆಯೂ ಬೆಳೆಯಿತು. ಮುಂಬಯಿ ಸರಕಾರವು ಹತ್ತಿಯ ಮೋಸವನ್ನು ತಡೆಯಲು 1863ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ಪೇಟೆಯು ಜಾಣತನವನ್ನು ಕಲಿಸುತ್ತದೆ. ಆದರೆ ಕಟ್ಟುಪಾಡಿಲ್ಲದಾಗ ಅದೇ ಜಾಣತನವು ಊರಿನ ಸರಕಿನ ಹೆಸರನ್ನೇ ಕೆಡಿಸಬಲ್ಲದು. ಹಳೆಯ ಪೇಟೆಯನ್ನು ಹೊಗಳುವವರು ಈ ಪ್ರಸಂಗವನ್ನು ಮರೆಯಬಾರದು.

ಅಡತಿ ಅಂಗಡಿಯ ಗಾದಿಯು ಆ ಕಾಲದ ವಾಣಿಜ್ಯಶಾಲೆಯಾಗಿತ್ತು. ಹುಡುಗನು ತಂದೆಯ ಅಥವಾ ಸೋದರಮಾವನ ಬದಿಯಲ್ಲಿ ಕುಳಿತು ಮೊದಲು ತೂಕವನ್ನು, ಅನಂತರ ಕೀರ್ದಿ ಬರೆಯುವುದನ್ನು, ಕಡೆಗೆ ಗಿರಾಕಿಯ ಮುಖ ನೋಡಿ ಉದ್ರಿಯ ಮಿತಿಯನ್ನು ನಿಶ್ಚಯಿಸುವುದನ್ನು ಕಲಿಯುತ್ತಿದ್ದನು. ಜಮಾ, ಖರ್ಚು, ಶಿಲ್ಕು ಎಂಬ ಶಬ್ದಗಳು ಅವನಿಗೆ ಪರೀಕ್ಷೆಯ ಉತ್ತರಗಳಾಗಿರಲಿಲ್ಲ. ಸಂಜೆ ಶಿಲ್ಕು ಕೂಡದಿದ್ದರೆ ಅವನಿಗೆ ಊಟಕ್ಕೇಳುವಂತಿರಲಿಲ್ಲ. ಈ ಶಾಲೆಯ ಬೋಧನೆ ಸಮರ್ಥವಾಗಿತ್ತು. ಆದರೆ ಅದರ ಬಾಗಿಲು ಕಿರಿದು. ಗಾದಿಯುಳ್ಳ ಮನೆಯಲ್ಲಿ ಹುಟ್ಟಿದ ಗಂಡುಮಗುವಿಗೆ ಅಲ್ಲಿ ಸ್ಥಳವಿತ್ತು. ಮಾಲನ್ನು ಬಂಡಿಯಲ್ಲಿ ಹೇರಿ ತಂದ ಒಕ್ಕಲಿಗನ ಮಗನಿಗೂ ಚೀಲ ಹೊತ್ತ ಹಮಾಲನ ಮಗನಿಗೂ ಇರಲಿಲ್ಲ. ಹೆಣ್ಣುಮಕ್ಕಳಿಗಂತೂ ಇರಲೇ ಇಲ್ಲ.

ಕಾಲೇಜು ಈ ಬಾಗಿಲನ್ನು ಅಗಲಿಸಿತು. ಮುಂಬಯಿಯಲ್ಲಿ 1913ರಲ್ಲಿ ಸಿಡ್ನಹ್ಯಾಮ್ ವಾಣಿಜ್ಯ ಕಾಲೇಜು ಆರಂಭವಾಯಿತು. ಧಾರವಾಡ ಸೀಮೆಯು ಆಗ ಅದೇ ಪ್ರಾಂತಕ್ಕೆ ಸೇರಿತ್ತು. ಹುಬ್ಬಳ್ಳಿಯಲ್ಲಿ 1947ರಲ್ಲಿ ಜಗದ್ಗುರು ಗಂಗಾಧರ ವಾಣಿಜ್ಯ ಕಾಲೇಜು ಸ್ಥಾಪಿತವಾಯಿತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಹುಟ್ಟಿತು. ಮುಂದಿನ ದಶಕಗಳಲ್ಲಿ ವಾಣಿಜ್ಯ ಪದವಿಯ ತರಗತಿಗಳು ತಾಲೂಕು ಕೇಂದ್ರಗಳಿಗೂ ಬಂದವು. ಗಾದಿಯ ಮಗ್ಗುಲಿಗೂ ಸುಳಿಯಲಾಗದಿದ್ದ ಮನೆಗಳ ಮಕ್ಕಳು ಲೆಕ್ಕಶಾಸ್ತ್ರವನ್ನು ಓದಿದರು. ಇದು ಸಾಮಾನ್ಯ ಲಾಭವಲ್ಲ.

ಆದರೆ ಈ ಪದವಿಯನ್ನು ಬ್ಯಾಂಕು, ಕಚೇರಿ, ಲೆಕ್ಕಪರಿಶೋಧನೆಗಳ ಅಗತ್ಯಕ್ಕೆ ತಕ್ಕಂತೆ ರೂಪಿಸಲಾಗಿತ್ತು. ಪಾಚಿಯೋಲಿಯು 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚುಹಾಕಿಸಿದ ಗ್ರಂಥದಿಂದ ಜೋಡಿನಮೂದಿನ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿ ಒಪ್ಪಿಸುತ್ತಾನೆ. ತನ್ನ ಊರಿನ ಅಂಗಡಿಯ ಕೀರ್ದಿಯನ್ನು ಓದಲು ಅರಿಯನು. ಮೇಲೆ ಹೇಳಿದ ಮೂರು ಸಾಮರ್ಥ್ಯಗಳಲ್ಲಿ ಒಂದೂ ತರಗತಿಯ ನಾಲ್ಕು ಗೋಡೆಗಳೊಳಗೆ ಪೂರ್ಣವಾಗಿ ಬರುವಂಥದಲ್ಲ. ಹೀಗೆ ಬೋಧನೆಯಿದ್ದ ಕಡೆ ಬಾಗಿಲು ಮುಚ್ಚಿತ್ತು; ಬಾಗಿಲು ತೆರೆದ ಕಡೆ ಆ ಬೋಧನೆ ಇಲ್ಲವಾಯಿತು.

ಉದ್ಯಮಶೀಲತೆ ಹುಟ್ಟಿನಿಂದ ಬರುವ ಗುಣ, ಅದನ್ನು ಕಲಿಸಲಾಗದು ಎಂಬ ವಾದವುಂಟು. ಇದಕ್ಕೆ ಭಾರತದ ನೆಲದಲ್ಲಿಯೇ ಒಂದು ಪರೀಕ್ಷೆ ನಡೆದಿದೆ. ಅಮೇರಿಕೆಯ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ ಮತ್ತು ಸಂಗಡಿಗರು 1964ರಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳನ್ನು ಹೈದರಾಬಾದಿನ ಸಂಸ್ಥೆಯೊಂದಕ್ಕೆ ಕರೆದೊಯ್ದು ಅಲ್ಪಕಾಲದ ತರಬೇತಿ ಕೊಟ್ಟರು. ತರಬೇತಿ ಪಡೆದವರು ಪಡೆಯದವರಿಗಿಂತ ಹೆಚ್ಚು ಚಟುವಟಿಕೆಯಿಂದ ಹೊಸ ಕೆಲಸಗಳಿಗೆ ಕೈಹಾಕಿದರೆಂದು 1969ರಲ್ಲಿ ಪ್ರಕಟವಾದ ಅವರ ಗ್ರಂಥವು ತಿಳಿಸುತ್ತದೆ. ಅವರೆಲ್ಲರೂ ಮೊದಲೇ ವ್ಯಾಪಾರಿಗಳಾಗಿದ್ದರೆಂಬುದನ್ನು ಮಾತ್ರ ನೆನಪಿಡಬೇಕು. ಅಂಗಡಿಯಿಲ್ಲದ ತರುಣರ ಕಡೆಗೆ ಗಮನ ಹರಿದದ್ದು ಅನಂತರ: 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟು ಎರಡು ಬ್ಯಾಂಕುಗಳೊಡನೆ ಕೂಡಿ ಗ್ರಾಮೀಣ ನಿರುದ್ಯೋಗಿಗಳಿಗಾಗಿ ‘ರುಡ್‌ಸೆಟಿ’ ಸಂಸ್ಥೆಯನ್ನು ತೆರೆಯಿತು, 1992ರಲ್ಲಿ ರಾಜ್ಯ ಸರಕಾರವು ಧಾರವಾಡದಲ್ಲಿ ಉದ್ಯಮಶೀಲತಾ ಅಭಿವೃದ್ಧಿ ಕೇಂದ್ರವನ್ನು ಸ್ಥಾಪಿಸಿತು. ಹುಬ್ಬಳ್ಳಿಯ ದೇಶಪಾಂಡೆ ಪ್ರತಿಷ್ಠಾನದ ‘ಲೀಡ್’ ಕಾರ್ಯಕ್ರಮವು 2008ರಿಂದ ಪದವಿ ವಿದ್ಯಾರ್ಥಿಗಳ ಕೈಗೆ ಸಣ್ಣ ಮೊತ್ತ ಕೊಟ್ಟು, ಅವರೇ ಯೋಚಿಸಿದ ಕೆಲಸವನ್ನು ಅವರಿಂದಲೇ ಮಾಡಿಸುವ ಪದ್ಧತಿಯನ್ನು ತಂದಿತು. ಇವುಗಳಲ್ಲೆಲ್ಲ ಒಂದು ತತ್ತ್ವ ಸಮಾನವಾಗಿದೆ: ಕಲಿಯುವವನು ತಾನೇ ನಿರ್ಣಯ ಮಾಡಬೇಕು, ಅದರ ಫಲವನ್ನು ತಾನೇ ಕಾಣಬೇಕು.

ನಮ್ಮ ರಾಜ್ಯದಲ್ಲಿ ಪದವಿಶಿಕ್ಷಣದ ಚೌಕಟ್ಟು 2021ರಲ್ಲಿ ಬದಲಾಯಿತು. 2024ರಲ್ಲಿ ಮತ್ತೆ ಮೂರು ವರ್ಷಗಳ ಪದವಿಗೆ ಮರಳಿತು. ಚೌಕಟ್ಟು ಯಾವುದಿದ್ದರೂ ಕಾಲೇಜು ಮಾಡಬಹುದಾದ ಕಾರ್ಯವೊಂದಿದೆ. ಈ ನಾಲ್ಕು ತಾಲೂಕುಗಳ ಸರಕುಗಳನ್ನೇ ನೋಡಿರಿ. ಸವಣೂರಿನ ಎಲೆ ಹೆಸರಾದದ್ದು. ಆದರೆ ಬೇಗ ಬಾಡುವ ಸರಕು, ಒಂದು ದಿನದ ತಡವೇ ನಷ್ಟ. ಹಾನಗಲ್ಲಿನ ಮಾವಿಗೆ ಕೆಲವೇ ವಾರಗಳ ಸುಗ್ಗಿ. ಮಿಕ್ಕ ಹಣ್ಣು ತಿರುಳಾಗದಿದ್ದರೆ ಕೊಳೆಯುತ್ತದೆ. ಹಿರೇಕೆರೂರು, ರಾಣೇಬೆನ್ನೂರುಗಳ ಕಡೆ ಸಂಕರ ಬೀಜ ಬೆಳೆಯುವ ಒಕ್ಕಲು ಹೂ ಹೂವಿಗೂ ಕೈಯಿಂದ ಪರಾಗ ಮುಟ್ಟಿಸುತ್ತಾನೆ. ಬೀಜದ ಶುದ್ಧತೆ ಪರೀಕ್ಷೆಯಲ್ಲಿ ಸೋತರೆ ಅವನ ಶ್ರಮವೂ ಸೋಲುತ್ತದೆ. ಶಿಗ್ಗಾಂವಿಯು ಪುಣೆ ಬೆಂಗಳೂರು ಹೆದ್ದಾರಿಯ ಮೇಲಿದೆ. ಅಲ್ಲಿ ಸಾಗಾಟದ ವೆಚ್ಚವೇ ಪಾಠ.

ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಸುಗ್ಗಿಯ ಕಾಲ ಇಂಥ ಒಂದೇ ಸರಕನ್ನು ಹೊಲದಿಂದ ಗಿರಾಕಿಯವರೆಗೆ ಹಿಂಬಾಲಿಸಲಿ, ಸ್ವಲ್ಪವೇ ಆದರೂ ನಿಜವಾದ ಹಣದಿಂದ ಕೊಂಡು ಮಾರಲಿ, ಕೀರ್ದಿ ಬರೆಯಲಿ, ನಷ್ಟವಾದರೆ ಅದರ ಕಾರಣವನ್ನು ತರಗತಿಯಲ್ಲಿ ವಿವರಿಸಲಿ. ಆ ಹಣವನ್ನು ಮಾತ್ರ ಕಾಲೇಜಿನ ನಿಧಿಯಿಂದ ಕೊಡಬೇಕು. ಇಲ್ಲವಾದರೆ ಉಳ್ಳವರ ಮಕ್ಕಳೇ ಮತ್ತೆ ಮುಂದಾಗುವರು. ಗಾದಿಯಿದ್ದ ಮನೆಯ ಹುಡುಗನಿಗೆ ತಂದೆ ಕೊಡುತ್ತಿದ್ದ ಮೊದಲ ಬಂಡವಾಳವನ್ನೂ ಮೊದಲ ನಷ್ಟದ ಕ್ಷಮೆಯನ್ನೂ ಗಾದಿಯಿಲ್ಲದ ಮನೆಯ ಮಗಳಿಗೂ ಮಗನಿಗೂ ಕೊಡಬೇಕಾದದ್ದು ಇಂದು ಕಾಲೇಜಿನ ಹೊಣೆಯೆಂಬುದೇ ಈ ಚರಿತ್ರೆಯಿಂದ ನಾವು ಕಂಡುಕೊಂಡ ತಾತ್ಪರ್ಯ.